ಬಿಲ್ ತನ್ನಿ, ಹಾಡು ಆಮೇಲೆ

ಕಳೆದ ತಿಂಗಳು ನಮ್ಮ ಕಾರ್ಯಕ್ರಮ 60 ಎಪಿಸೋಡು ದಾಟಿತು. ಮೊದಲ ಒಂಬತ್ತೋ ಹತ್ತೋ ಎಪಿಸೋಡಿನಲ್ಲಿ ನಕ್ಕವನು ನಾನೊಬ್ಬನೇ. ಅದೂ ಸಂಕಟಕ್ಕೆ.

ನಮ್ಮದು ಮೈಸೂರಿನ ಹೊರವಲಯದ ಒಂದು ಸಮುದಾಯ ರೇಡಿಯೊ. ಪ್ರಸಾರದ ಶಕ್ತಿ ಬರೀ 100 ವ್ಯಾಟು. ದೇವರು ಕಣ್ಣು ಬಿಟ್ಟರೆ 12 ಕಿಲೋಮೀಟರ್ ಕೇಳಿಸುತ್ತದೆ, ಶ್ರೀರಂಗಪಟ್ಟಣದ ಹತ್ತಿರ ಹೋದರೆ ಬರೀ ಗೊರಗೊರ. ಭಾನುವಾರ ಸಂಜೆ 7ಕ್ಕೆ ಅರ್ಧ ಗಂಟೆ ನನ್ನದು. ಸಿನಿಮಾದಲ್ಲಿ ಹಾಡದ, ಕಂಪನಿಗಳ ಹಂಗಿಲ್ಲದ, ತಮ್ಮ ಹಾಡು ತಾವೇ ಕಟ್ಟಿಕೊಂಡು ಓಡಾಡುವವರನ್ನು ಕರೆದು ಮಾತಾಡಿಸಬೇಕು, ಕೇಳುವವರು ನಗಬೇಕು. ಇಷ್ಟೇ ಐಡಿಯಾ.

ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ನಮ್ಮ ಹಿರಿಯರೊಬ್ಬರು, "ಅಲ್ಲಪ್ಪಾ, ಇವರು ಯಾರು ಅಂತಾನೇ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದೇ ಇರೋರನ್ನ ನೋಡಿ ಯಾರು ನಗ್ತಾರೆ?" ಅಂದರು. ನಾನು ಬಿಡಲಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿದ್ದು, ಅದಕ್ಕೆ ಆಕಾಶವಾಣಿ ಅಂತ ಹೆಸರು ಸೂಚಿಸಿದ್ದು ನಾ. ಕಸ್ತೂರಿ, ಅವರು ಹಾಸ್ಯ ಬರೆಯುತ್ತಿದ್ದವರು, ಈ ಊರಿನ ರೇಡಿಯೊಗೆ ನಾಮಕರಣ ಮಾಡಿದ್ದೇ ಒಬ್ಬ ಹಾಸ್ಯಗಾರ ಅಂತ ಭಾಷಣ ಬಿಗಿದೆ. ಎಲ್ಲ ಕೇಳಿಸಿಕೊಂಡು ಅವರು, "ಅದು ಸರಿ, ಸ್ಪಾನ್ಸರ್ ಯಾರು?" ಅಂದರು.

ಸ್ಪಾನ್ಸರ್ ಇರಲಿಲ್ಲ. ಜೇಬಿನಿಂದಲೇ ಶುರು ಮಾಡಿದೆ.

ಮೊದಲ ತಪ್ಪು, ಜೋಕು ಬರೆದುಕೊಂಡು ಕೂತಿದ್ದು. ಒಬ್ಬ ಮಿಮಿಕ್ರಿ ಕಲಾವಿದರನ್ನು ಎಪಿಸೋಡಿಗೆ 800 ರೂಪಾಯಿ ಕೊಟ್ಟು ಕರೆಸಿದೆ. ಅವರು ಒಳ್ಳೆಯವರು, ಮಿಮಿಕ್ರಿಯೂ ಚೆನ್ನಾಗಿಯೇ ಮಾಡಿದರು. ಆದರೆ ಅತಿಥಿ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿರುತ್ತಿದ್ದರು. ನಾಲ್ಕು ಎಪಿಸೋಡಿಗೆ 3,200 ಹೋಯಿತು.

ಎರಡನೆಯದು ಇನ್ನೂ ನಾಚಿಕೆಗೇಡು. ರೆಡಿಮೇಡ್ ನಗು ಸೇರಿಸಿದೆ. ಟಿವಿಯಲ್ಲಿ ಬರುತ್ತಲ್ಲ, ಗುಂಪಿಗೆ ಗುಂಪೇ ಹೋ ಅನ್ನುವುದು, ಅದು. ಮಾರನೇ ದಿನ ಇಲವಾಲದ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಸಾರ್, ನಿಮ್ಮ ಸ್ಟುಡಿಯೋದಲ್ಲಿ ಎಷ್ಟು ಜನ ಕೂರಬಹುದು? ಮಕ್ಕಳನ್ನ ಕರ್ಕೊಂಡು ಬರ್ಲಾ?" ನಮ್ಮ ಸ್ಟುಡಿಯೋದಲ್ಲಿ ಮೂರನೆಯವರು ಬಂದರೆ ಒಬ್ಬರು ಎದ್ದು ನಿಲ್ಲಬೇಕು. ಅವತ್ತೇ ಆ ಫೈಲು ಅಳಿಸಿದೆ.

ಮೂರನೆಯ ತಪ್ಪು ನನ್ನ ಪ್ರಶ್ನೆಗಳದ್ದು. "ಸಂಗೀತದ ಕಡೆ ಒಲವು ಹೇಗೆ ಬಂತು?" ಈ ಪ್ರಶ್ನೆಗೆ ಕರ್ನಾಟಕದಲ್ಲಿ ಇರುವುದು ಒಂದೇ ಉತ್ತರ. "ಚಿಕ್ಕಂದಿನಿಂದಲೂ ನನಗೆ ತುಂಬಾ ಆಸಕ್ತಿ." ರ‍್ಯಾಪ್ ಮಾಡುವ ಹುಡುಗನೂ ಅದೇ, ತತ್ವಪದ ಹಾಡುವ ಅಜ್ಜನೂ ಅದೇ. ಒಂದು ರಾತ್ರಿ ಸಿಟ್ಟಿಗೆ ಒಂಬತ್ತು ಜನರ "ಚಿಕ್ಕಂದಿನಿಂದಲೂ" ಮಾತ್ರ ಕತ್ತರಿಸಿ ಒಂದರ ಹಿಂದೆ ಒಂದು ಅಂಟಿಸಿದೆ. 20 ಸೆಕೆಂಡಿನ ಪ್ರೋಮೊ ಆಯಿತು. ಅದಕ್ಕೆ ಜನ ನಕ್ಕರು! ಇಡೀ ಎಪಿಸೋಡಿಗೆ ನಗದವರು ಅದಕ್ಕೆ ನಕ್ಕರು. ಎಲ್ಲಿ ತಪ್ಪುತ್ತಿದ್ದೇನೆ ಅನ್ನುವ ವಾಸನೆ ಹತ್ತಿದ್ದು ಅವತ್ತೇ.

ಆಮೇಲೆ ಬಂದವರು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವ ಒಬ್ಬರು. ತಮ್ಮದೇ ಏಳೆಂಟು ಹಾಡು ಮಾಡಿದ್ದಾರೆ. 40 ನಿಮಿಷ ತಡವಾಗಿ ಬಂದರು. ಹೆಲ್ಮೆಟ್ ತೆಗೆದು, ಒಂದು ರಸೀದಿಯನ್ನು ಮೇಜಿನ ಮೇಲೆ ಬಿಸಾಕಿ ಕೂತರು. ನನ್ನ ಪುಣ್ಯ, ರೆಕಾರ್ಡರ್ ಆನ್ ಇತ್ತು.

"ಏನ್ ಸಾರ್ ಇದು?"

"ಐನೂರು ರೂಪಾಯಿ ಫೈನು. ಬೈಕ್ ಹಿಂದೆ ಕೀಬೋರ್ಡ್ ಅಡ್ಡ ಕಟ್ಟಿದ್ದೆ. ಎರಡೂ ಕಡೆ ಆಚೆ ಬಂದಿದೆ ಅಂತ ಹಿಡಿದ್ರು. ಏನಯ್ಯಾ ಇದು, ಬಾಗಿಲಾ ಅಂದ್ರು. ಕೀಬೋರ್ಡು ಸಾರ್ ಅಂದೆ. ಯಾವ ಕಂಪ್ಯೂಟರ್‌ಗಯ್ಯಾ ಇಷ್ಟುದ್ದ ಕೀಬೋರ್ಡು ಅಂದ್ರು."

ಬ್ಯಾಗು ಬಿಚ್ಚಿಸಿ, ನುಡಿಸಿ ತೋರಿಸು ಅಂದರಂತೆ. ಬ್ಯಾಟರಿ ಹಾಕಿಕೊಂಡು ಇವರು ರಸ್ತೆ ಬದಿ ನುಡಿಸಿದ್ದಾರೆ. ಜನ ಸೇರಿದ್ದಾರೆ. ಪೊಲೀಸಿನವರು ಪೂರ್ತಿ ಹಾಡು ಕೇಳಿ, ತಲೆದೂಗಿ, ಆಮೇಲೆ ಫೈನೂ ಹಾಕಿದ್ದಾರೆ. ಹೋಗುವಾಗ ಯಾರೋ ಒಬ್ಬರು 20 ರೂಪಾಯಿ ಕೈಗಿಟ್ಟರಂತೆ. "ಇವತ್ತಿನ ಪ್ರೋಗ್ರಾಮಿಗೆ ಮೈನಸ್ 480 ಸಾರ್" ಅಂದರು. ಅದೂ ಲೆಕ್ಕದ ದನಿಯಲ್ಲಿ, ನಗದೆ.

ಬರೆದುಕೊಂಡಿದ್ದ ಪ್ರಶ್ನೆಗಳ ಹಾಳೆ ಮಡಿಚಿ ಕುರ್ಚಿ ಕೆಳಗೆ ಹಾಕಿದೆ. ಅರ್ಧ ಗಂಟೆ ಬರೀ ದುಡ್ಡು, ಬೈಕು, ಕೀಬೋರ್ಡಿನ ಇಎಂಐ. ಆ ಎಪಿಸೋಡಿಗೆ 30ಕ್ಕೂ ಜಾಸ್ತಿ ವಾಟ್ಸಾಪ್ ಬಂತು. ಅದಕ್ಕೆ ಮುಂಚೆ ಮೂರು ಬಂದರೆ ಹೆಚ್ಚು, ಅದರಲ್ಲಿ ಎರಡು ನಮ್ಮ ಭಾವನದು.

ಅಲ್ಲಿಂದ ಒಂದೇ ಪದ್ಧತಿ. ಅತಿಥಿಗೆ ಫೋನ್ ಮಾಡಿದಾಗಲೇ ಹೇಳುತ್ತೇನೆ, ಬರುವಾಗ ಯಾವುದಾದರೂ ಒಂದು ಬಿಲ್ಲು, ರಸೀದಿ, ಚೀಟಿ ತನ್ನಿ. ಯಾವುದು ಅಂತ ಮೊದಲೇ ನನಗೆ ಹೇಳಬೇಡಿ. ರೆಕಾರ್ಡಿಂಗ್ ಶುರುವಾದ ಮೇಲೆ ಮೇಜಿನ ಮೇಲಿಡಿ. ಮೊದಲ 12 ನಿಮಿಷ ರಾಗ, ತಾಳ, ಗುರು, ಸ್ಫೂರ್ತಿ ಯಾವುದೂ ಬಾಯಿಗೆ ಬರುವ ಹಾಗಿಲ್ಲ. ಹಾಡು ಕೊನೆಗೆ. ದೊಡ್ಡ ಎಫ್‌ಎಂನಲ್ಲಿರುವ ನನ್ನ ಗೆಳೆಯ, "ಮೊದಲ ನಿಮಿಷಕ್ಕೇ ಹಾಡು ಬರದಿದ್ರೆ ಜನ ಸ್ಟೇಷನ್ ತಿರುಗಿಸ್ತಾರೆ ಗುರು" ಅಂದ. ನಮ್ಮಲ್ಲಿ ಉಲ್ಟಾ ಆಯಿತು. ಇಷ್ಟೆಲ್ಲ ಪಾಡು ಪಟ್ಟು ಈ ಮನುಷ್ಯ ಮಾಡಿದ ಹಾಡಾದರೂ ಎಂಥದ್ದು ಅಂತ ಕೇಳುವ ಚಟಕ್ಕೇ ಕಾಯುತ್ತಾರೆ.

ಎಂತೆಂಥ ಚೀಟಿ ಬಂದವು ಅಂದರೆ! ಒಬ್ಬ ಹುಡುಗಿ ತಾನು ಮಾಡಿದ ಹಾಡು ಆನ್‌ಲೈನಿನಲ್ಲಿ ವರ್ಷವಿಡೀ ಓಡಿದ್ದಕ್ಕೆ ಬಂದ ಲೆಕ್ಕ ತಂದಳು. 412 ರೂಪಾಯಿ ಚಿಲ್ಲರೆ. ಅದೂ ಇನ್ನೂ ಕೈಗೆ ಬಂದಿಲ್ಲ, ಇಂತಿಷ್ಟು ಜಮಾ ಆಗುವ ತನಕ ಕೊಡುವುದಿಲ್ಲವಂತೆ. "ನನ್ನ ಮದುವೆ ಹೊತ್ತಿಗೆ ಬರುತ್ತೆ ಸಾರ್, ತಾಂಬೂಲಕ್ಕೆ ಆಗುತ್ತೆ" ಅಂದಳು. ಇನ್ನೊಬ್ಬರು ಗಿರವಿ ಅಂಗಡಿ ಚೀಟಿ ತಂದರು, ಹೆಂಡತಿಯ ಸರ ಇಟ್ಟು ಗಿಟಾರ್ ತಗೊಂಡಿದ್ದು. ಹೆಂಡತಿಯೂ ಜೊತೆಗೇ ಬಂದಿದ್ದರು. ಆ ಚೀಟಿಯನ್ನು ಅವರು ಮೊದಲ ಸಲ ನೋಡಿದ್ದು ನಮ್ಮ ಸ್ಟುಡಿಯೋದಲ್ಲೇ. ಆ ಎಪಿಸೋಡು ಹೆಚ್ಚು ವಿವರಿಸಲಾರೆ.

ಡ್ರಮ್ಸ್ ಬಾರಿಸುವ ಒಬ್ಬರು ಐದು ಮನೆಗಳ ಬಾಡಿಗೆ ಕರಾರು ತಂದಿದ್ದರು. ಐದನೇ ಮನೆಯ ಓನರು "ಏನ್ ಕೆಲಸ?" ಅಂದಾಗ "ಡ್ರಮ್ಸ್ ಸಾರ್" ಅಂದಿದ್ದಾರೆ. ಓನರಿಗೆ ಖುಷಿಯೋ ಖುಷಿ. "ಒಳ್ಳೇದಾಯ್ತು, ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ. ನಮಗೂ ಇನ್ನೂರು ಲೀಟರಿಂದು ಎರಡು ಕೊಡಿ" ಅಂತ ಅಡ್ವಾನ್ಸಿನಲ್ಲಿ ಸಾವಿರ ಬಿಟ್ಟರಂತೆ.

ಈಗ ರೆಕಾರ್ಡಿಂಗ್ ವಿಷಯ. ನನಗೆ ಅತಿ ಜಾಸ್ತಿ ದುಡ್ಡು, ನಿದ್ದೆ ಎರಡೂ ತಿಂದಿದ್ದು ಇದೇ. ಮಾತು ರೆಕಾರ್ಡ್ ಮಾಡುವುದು ಸುಲಭ, ನಗು ಕಷ್ಟ. ಮಾತಿಗೆ ಲೆವೆಲ್ ಇಟ್ಟುಕೊಂಡು ಕೂತಿರುತ್ತೇವೆ, ನಗು ಅದರ ಮೇಲೆ 12-15 ಡಿಬಿ (ಡೆಸಿಬೆಲ್, ದನಿಯ ಅಳತೆ) ಹಾರಿ ಕ್ಲಿಪ್ ಆಗುತ್ತದೆ, ಅಂದರೆ ದನಿ ಒಡೆಯುತ್ತದೆ. ನನ್ನ ಎರಡು ಒಳ್ಳೇ ಎಪಿಸೋಡು ಹಾಗೇ ಹಾಳಾದವು. ತಗಡಿನ ಮೇಲೆ ಕಲ್ಲು ಸುರಿದ ಹಾಗಿತ್ತು ನಗು. ಈಗ ಮಾತನ್ನು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 18 ಡಿಬಿಯ ಸುತ್ತ ಇಡುತ್ತೇನೆ, ಅದರ ಜೊತೆಗೆ ಇನ್ನೊಂದು ಮೈಕನ್ನು ಗೇನ್, ಅಂದರೆ ದನಿ ಹಿಗ್ಗಿಸುವ ಮಟ್ಟ, ತುಂಬಾ ಇಳಿಸಿ ಪಕ್ಕದಲ್ಲಿ ನಿಲ್ಲಿಸಿರುತ್ತೇನೆ. ನಗು ಒಡೆದರೆ ಅಲ್ಲಿಂದ ಎತ್ತಿ ಹಾಕುವುದು. ದನಿ ಮಿತಿ ಮೀರದ ಹಾಗೆ ತಡೆಯುವ ಪ್ರಸಾರದ ಲಿಮಿಟರ್ ಬೇರೆ ನಗುವನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಅದಕ್ಕೆ ಕೊಡುವ ಮುಂಚೆಯೇ ನಗುವನ್ನು ಕೈಯಾರೆ ಐದಾರು ಡಿಬಿ ಇಳಿಸಬೇಕು.

ಎಡಿಟಿಂಗಿನಲ್ಲಿ ಒಂದೇ ಮಾತು. ನಗುವ ಮುಂಚೆ ಮನುಷ್ಯ ಒಂದು ಉಸಿರು ಎಳೆದುಕೊಳ್ಳುತ್ತಾನೆ, ಅದನ್ನು ಕತ್ತರಿಸಬೇಡಿ. ಶುರುವಿನಲ್ಲಿ ನಾನು ಉಸಿರೆಲ್ಲ ತೆಗೆದು ನೀಟಾಗಿ ಮಾಡುತ್ತಿದ್ದೆ. ಕೇಳಿದರೆ ನಗು ಎಲ್ಲಿಂದಲೋ ತಂದು ಅಂಟಿಸಿದ ಹಾಗಿರುತ್ತಿತ್ತು. ಆ ಅರ್ಧ ಸೆಕೆಂಡಿನ "ಹ್ಹ" ಇದ್ದರೆ ಕೇಳುವವನೂ ಜೊತೆಗೇ ಉಸಿರು ಎಳೆದುಕೊಳ್ಳುತ್ತಾನೆ. ಅತಿಥಿ ಉತ್ತರಿಸದೆ ಸುಮ್ಮನಿದ್ದರೆ ಅದನ್ನೂ ಮೂರು ಸೆಕೆಂಡಿನ ತನಕ ಬಿಡುತ್ತೇನೆ. ನನ್ನ ಸ್ವಂತ ನಗು ಕುಕ್ಕರ್ ವಿಶಲ್ ಇದ್ದ ಹಾಗೆ. ಅದಕ್ಕೆ ಒಂದು ಟವೆಲ್ ಇಟ್ಟುಕೊಂಡಿದ್ದೇನೆ, ಬಾಯಿಗೆ ಒತ್ತಿಕೊಳ್ಳಲು.

ಖರ್ಚು ಹೇಳಿಬಿಡುತ್ತೇನೆ, ನೆನಪಿದ್ದಷ್ಟು. ಸೆಕೆಂಡ್ ಹ್ಯಾಂಡ್ ರೆಕಾರ್ಡರ್ 9,000. ಮೈಕು ಮೂರು, ಹಳೇದು ಹೊಸದು ಸೇರಿ 16,000 ಹತ್ತಿರ. ಗೋಡೆಗೆ ಅಂಟಿಸುವ ಫೋಮು ಅಂತ 6,500 ಸುರಿದೆ. ಮಳೆಗಾಲದಲ್ಲಿ ಗೋಡೆ ಬೆವೆತು, ಗಮ್ಮು ಬಿಟ್ಟು, ರೆಕಾರ್ಡಿಂಗ್ ನಡುವೆ ಒಬ್ಬ ಹಿರಿಯ ಪಿಟೀಲು ವಾದಕರ ತಲೆ ಮೇಲೆ ಬಿತ್ತು. ಅವರು "ಸನ್ಮಾನಾನಾ?" ಅಂದರು. ಈಗ ಆರು ರಗ್ಗು ಹಗ್ಗದ ಮೇಲೆ ಇಳಿಬಿಟ್ಟಿದ್ದೇನೆ. ಎಲ್ಲ ಸೇರಿ 2,000 ಆಗಿರಬಹುದು, ಫೋಮಿಗಿಂತ ಎಷ್ಟೋ ಮೇಲು. ಇದುವರೆಗೆ ಒಟ್ಟು 48,000 ಕೈಬಿಟ್ಟಿದೆ. ವಾಪಸ್ ಬಂದಿದ್ದು 30-32 ಸಾವಿರ. ಒಂದು ಪ್ರಿಂಟಿಂಗ್ ಪ್ರೆಸ್ಸು, ಒಂದು ಬೇಕರಿ, ಇಬ್ಬರೇ ಸ್ಪಾನ್ಸರು. ಸಮುದಾಯ ರೇಡಿಯೊಗೆ ಗಂಟೆಗೆ 7 ನಿಮಿಷ ಇದ್ದ ಜಾಹೀರಾತಿನ ಮಿತಿ 2024ರಲ್ಲಿ 12 ನಿಮಿಷ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೆ ಆ 7 ನಿಮಿಷವೇ ತುಂಬಿರಲಿಲ್ಲ, ಅದು ಬೇರೆ ಮಾತು.

ಅತಿಥಿಗೆ ದುಡ್ಡು ಕೊಡಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಬದಲಿಗೆ ಒಳ್ಳೇ ತಿಂಡಿ, ಹೋಗಿ ಬರುವ ಪೆಟ್ರೋಲು, ಎಡಿಟ್ ಆದ ಅವರ ಹಾಡಿನ ಫೈಲು. ತಿಂಡಿ ರೆಕಾರ್ಡಿಂಗಿಗೆ ಮುಂಚೆ ಕೊಡಬೇಡಿ. ಒಂದು ಸಲ ಮಸಾಲೆ ದೋಸೆ ತಿನ್ನಿಸಿ ಕೂರಿಸಿದೆ, ಆಸಾಮಿ 20 ನಿಮಿಷ ತೇಗಿದ.

ಸ್ವಂತ ಹಾಡು ಮಾತ್ರ ಅನ್ನುವುದು ನಮ್ಮ ಕಟ್ಟುನಿಟ್ಟು. ಸಿನಿಮಾ ಹಾಡು ಎರಡು ಸಾಲು ಗುನುಗಿದರೂ ಕತ್ತರಿ, ಹಕ್ಕಿನ ತಕರಾರು ಯಾರಿಗೆ ಬೇಕು. ಸುದ್ದಿ, ರಾಜಕೀಯವೂ ನಮಗೆ ನಿಷಿದ್ಧ. ಒಬ್ಬ ರ‍್ಯಾಪ್ ಹುಡುಗ ತನ್ನ ವಾರ್ಡಿನ ಗುಂಡಿಗಳ ಮೇಲೆ, ಅದಕ್ಕೆ ಕಾರಣರಾದವರ ಹೆಸರು ಹಿಡಿದು, ಅದ್ಭುತವಾದ ಹಾಡು ಕಟ್ಟಿದ್ದ. ಕತ್ತರಿಸಿ ಮುಗಿಸುವ ಹೊತ್ತಿಗೆ ಉಳಿದಿದ್ದು "ಯೋ ಯೋ" ಮತ್ತು "ಮೈಸೂರು".

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸಿಟಿ ಬಸ್ಸಿನಲ್ಲಿ ಕೂತು ಮಾತಾಡಿಸಿದೆ, ಎಂಜಿನ್ ಬಿಟ್ಟು ಏನೂ ಕೇಳಿಸಲಿಲ್ಲ. ಕಂಡಕ್ಟರ್ ಒಬ್ಬರೇ ಸ್ಪಷ್ಟವಾಗಿ ಕೇಳಿಸಿದರು, ಅವರ ದನಿ ಅಂಥದ್ದು. ಅತಿಥಿಯ ಬದಲು ಅವರ ಅಮ್ಮನನ್ನು ಕೂರಿಸಿದ್ದು ಮಾತ್ರ ಭರ್ಜರಿ ಗೆದ್ದಿತು. ತಿಂಗಳಿಗೆ ಒಂದು ಅಮ್ಮನ ಎಪಿಸೋಡು ಈಗ ಕಡ್ಡಾಯ. ಇನ್ನೊಂದು, ಟೀ ಅಂಗಡಿ ಪರೀಕ್ಷೆ. ಎಡಿಟ್ ಮುಗಿದ ಮೇಲೆ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಫೋನಿನಿಂದ ಹಾಕಿ, ನನ್ನದಲ್ಲ ಅನ್ನುವ ಹಾಗೆ ನಿಲ್ಲುತ್ತೇನೆ. ಗ್ಲಾಸು ಬಾಯಿಗೆ ಎತ್ತಿದವನು ಅಲ್ಲೇ ನಿಲ್ಲಿಸಿದರೆ ಆ ಜಾಗ ಉಳಿಯುತ್ತದೆ. ಯಾರೂ ನಿಲ್ಲಿಸದ ಜಾಗ ಮನೆಗೆ ಹೋದ ತಕ್ಷಣ ಔಟು.

ಬಿಲ್ಲು ನೋಡಿದ ಮೇಲೆ ನಾನು ಕೇಳುವ ಎರಡನೇ ಪ್ರಶ್ನೆ ಒಂದಿದೆ. 60ರಲ್ಲಿ 50 ಜನಕ್ಕೂ ಅದೇ ಪ್ರಶ್ನೆ, ಒಬ್ಬರೂ ಒಂದೇ ಉತ್ತರ ಕೊಟ್ಟಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಾರ್ಯಕ್ರಮ ಕೇಳಿ ಹಿಡಿದುಕೊಳ್ಳಿ. ಎಫ್‌ಎಂ ಗೆಳೆಯ ಮೊನ್ನೆ ಫೋನ್ ಮಾಡಿ, "ಅದ್ಹೆಂಗೆ ಮಾತಾಡಿಸ್ತೀಯ ಗುರು, ಸ್ವಲ್ಪ ಹೇಳು" ಅಂದ. ಅವನಿಗೂ ಹೇಳಿಲ್ಲ.

ತತ್ವಪದದ ಅಜ್ಜನನ್ನು ಈ ಪದ್ಧತಿ ಬಂದ ಮೇಲೆ ಮತ್ತೆ ಕರೆಸಿದ್ದೆ. ಅವರ ಹತ್ತಿರ ಬಿಲ್ಲು ಅನ್ನುವುದೇ ಇರಲಿಲ್ಲ. ಒಂದು ಮದುವೆ ಕರೆಯೋಲೆ ತಂದಿದ್ದರು. ಮೂಲೆಗೆ ಅರಿಶಿನ ಹಚ್ಚಿದ್ದು, ಮಡಿಕೆಯಲ್ಲಿ ಹರಿದಿತ್ತು. ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ "2,500. ಕೊಟ್ಟಿದ್ದು 1,500. ಬಾಕಿ 1,000." ಆ ಮದುವೆಯ ಹುಡುಗನ ಮಗ ಈಗ ಶಾಲೆಗೆ ಹೋಗುತ್ತಿದ್ದಾನಂತೆ. ಹೆಸರೆಲ್ಲ ಕತ್ತರಿಸಿಯೇ ಹಾಕಿದ್ದೆ. ಆದರೂ ಆ ಮನೆಯವರಿಗೆ ಗೊತ್ತಾಗಿ, ಎರಡನೇ ವಾರ ಅಜ್ಜನ ಮನೆಗೆ 500 ಕಳಿಸಿದರು.

ಅಜ್ಜ ನಿನ್ನೆ ಫೋನ್ ಮಾಡಿದ್ದರು. ಇನ್ನೊಂದು ಸಲ ಬರ್ಲಾ ಅಂತ.