ಎರೆಮಣ್ಣಲ್ಲಿ ಗಡಿಗೆ ಹೂತು ಹನ್ನೆರಡು ತಿಂಗಳೂ ತರಕಾರಿ: ನನ್ನ ಅನುಭವ

ಗದಗಿನ ಎರೆಮಣ್ಣಿನಲ್ಲಿ ಗಡಿಗೆ ಹೂತು ತರಕಾರಿ ಬೆಳೆಯೋಕೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಮಣ್ಣಿನ ಗಡಿಗೆಯನ್ನು ಕೊರಳಿನವರೆಗೆ ಹೂತು ನೀರು ತುಂಬಿಟ್ಟರೆ, ಅದರ ಮೈಯಿಂದ ನೀರು ನಿಧಾನಕ್ಕೆ ಜಿನುಗಿ ಸುತ್ತಲಿನ ಗಿಡದ ಬೇರಿಗೆ ಸಿಗುತ್ತದೆ, ಇಷ್ಟೇ ಇದರ ಉಪಾಯ. ಪಕ್ಕದ ಮನೆಯ ಕಾಕಾ ಅಂತೂ ಮೊದಲ ಗಡಿಗೆ ಹೂಳುವಾಗಲೇ, "ಎರಿಯಾಗ ಗಡಿಗಿ ಉಳೀತಾವೇನಪಾ? ಒಂದ್ ದೊಡ್ಡ ಮಳಿ ಬಿದ್ರ ಪುಡಿಪುಡಿ" ಅಂದಿದ್ದರು. ಈಗ ಅವರ ಮನೆಗೆ ಹೀರೇಕಾಯಿ ನಮ್ಮ ಹಿತ್ತಲಿಂದಲೇ ಹೋಗುತ್ತದೆ. ನಾಲ್ಕು ವರ್ಷವಾಯಿತು, ಏಪ್ರಿಲ್ ತಿಂಗಳಲ್ಲೂ ಹಿತ್ತಲು ಒಣಗಿಲ್ಲ.

ಜಾಗ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. ನೀರಿನ ಕಥೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಲ್ಲಿ ನೀರು ಬಂದಾಗ ಬಂತು, ಬೇಸಿಗೆಯಲ್ಲಿ ವಾರ ದಾಟುತ್ತದೆ. ಬೋರಿನ ನೀರು ಸವಳು. ಪೈಪ್ ಹಿಡಿದು ನೀರು ಬಿಟ್ಟರೆ ಬಿರುಕಿನಲ್ಲಿ ಇಳಿದು ಹೋಗುತ್ತದೆ, ಗಿಡದ ಬುಡದಲ್ಲಿ ಮೇಲಿನ ಒಂದಿಂಚು ಮಾತ್ರ ನೆನೆದಿರುತ್ತದೆ. ಮಾರ್ಚ್‌ನಲ್ಲಿ ಆ ಬಿರುಕಿಗೆ ಮುಂಗೈ ಇಳಿಯುತ್ತದೆ ಅಂದರೆ ಉಳಿದದ್ದು ನೀವೇ ಊಹಿಸಿ.

ಗಡಿಗೆಗೂ ಮೊದಲು ಡ್ರಿಪ್ ಹಾಕಿಸಿದ್ದೆ. ಮೂರೂವರೆ ಸಾವಿರದ ಹತ್ತಿರ ಹೋಯಿತು. ಎರಡನೇ ಬೇಸಿಗೆಗೆ ಸವಳು ಕಟ್ಟಿ ತೂತುಗಳೆಲ್ಲ ಮುಚ್ಚಿದವು, ಉಳಿದ ಪೈಪನ್ನು ಅಳಿಲು ಕಡಿದವು. ಸಲೈನ್ ಬಾಟಲಿ ಕಟ್ಟಿಯೂ ನೋಡಿದೆ. ಖರ್ಚಿಲ್ಲ ನಿಜ, ಆದರೆ ದಿನಾ ಬೆಳಿಗ್ಗೆ ಒಂದೊಂದಕ್ಕೂ ಗಾಲಿ ತಿರುಗಿಸಿ ಹನಿ ಸರಿ ಮಾಡುತ್ತಾ ಕೂರಬೇಕು.

ಗಡಿಗೆಯಲ್ಲೂ ಮೊದಲ ಕಂತು ದಂಡವಾಯಿತು. ಸಂತೆಯಿಂದ ತಂದವು ಚೆನ್ನಾಗಿ ಸುಟ್ಟು ನುಣ್ಣಗೆ ತಿಕ್ಕಿದ ಗಡಿಗೆ. ನೋಡೋಕೆ ಚೆಂದ, ಜಿನುಗೋದೇ ಇಲ್ಲ. ಆಮೇಲೆ ಕುಂಬಾರರ ಮನೆಗೇ ಹೋಗಿ, ತಿಕ್ಕದೆ, ಹೊಟ್ಟೆ ಅಗಲ ಕೊರಳು ಸಣ್ಣ ಮಾಡಿಕೊಡಿ ಅಂತ ಕೇಳಿದೆ. "ಇಂಥಾ ಗಡಿಗಿ ಯಾರೂ ಕೇಳಂಗಿಲ್ರೀ ಸರ" ಅನ್ನುತ್ತಲೇ ಮಾಡಿಕೊಟ್ಟರು. ಎಂಟು ಹತ್ತು ಲೀಟರ್ ಹಿಡಿಯುವುದಕ್ಕೆ ಆಗ ನೂರಿಪ್ಪತ್ತೋ ನೂರಮೂವತ್ತೋ ಇತ್ತು. ಹೂಳುವ ಮೊದಲು ರಾತ್ರಿ ನೀರು ತುಂಬಿಡಿ. ಬೆಳಿಗ್ಗೆ ಹೊರಮೈ ಮುಟ್ಟಿದರೆ ಕೈಗೆ ಪಸೆ ಹತ್ತಬೇಕು. ಒಣಗಿದ್ದರೆ ಬೇಡ, ಹನಿ ಇಳಿಯುತ್ತಿದ್ದರೂ ಬೇಡ. ಮಣ್ಣಿಗೆ ಏನು ಕಲಸಿದರೆ ಹದವಾಗಿ ಜಿನುಗುತ್ತದೆ ಅನ್ನುವುದು ನನ್ನ ಮತ್ತು ಕುಂಬಾರರ ನಡುವೆ ಇರಲಿ, ಅವರ ಹೊಟ್ಟೆಪಾಡು ಅದು.

ಇಷ್ಟೆಲ್ಲ ಮಾಡಿ ಹೂತರೆ, ಆ ವರ್ಷದ ಮುಂಗಾರಿಗೆ ಅರ್ಧಕ್ಕಿಂತ ಹೆಚ್ಚು ಒಡೆದವು. ಎರಡು ಸಾವಿರದಷ್ಟು ಮಣ್ಣುಪಾಲು. ಕಾಕಾ ಬಂದು ನೋಡಿ ಸುಮ್ಮನೆ ಹೋದರು. ನಾನು ಚೂರುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಎಲ್ಲವೂ ಹೊಟ್ಟೆಯ ನಡುವಲ್ಲೇ ಸೀಳಿದ್ದವು, ಕೊರಳು ತಳ ಎರಡೂ ಗಟ್ಟಿಯಾಗಿದ್ದವು. ಎರೆಮಣ್ಣು ನೀರು ಕುಡಿದು ಉಬ್ಬಿದಾಗ ಸುತ್ತಲಿಂದ ಅದುಮಿ ಒಡೆದಿದೆ. ಉಬ್ಬುವ ಮಣ್ಣಿಗೆ ಪಕ್ಕಕ್ಕೆ ಸರಿಯೋಕೆ ಜಾಗ ಕೊಟ್ಟರೆ ಆಯ್ತು ಅನ್ನಿಸಿದ್ದು ಆಗಲೇ.

ಹಾಗಾಗಿ ನೆಲದಲ್ಲಿ ಹೂಳುವುದು ಬಿಟ್ಟು ಬೋದಿನಲ್ಲಿ, ಅಂದರೆ ಮಣ್ಣು ಏರಿಸಿ ಮಾಡಿದ ಉದ್ದನೆಯ ದಿಣ್ಣೆಯಲ್ಲಿ ಹೂತೆ. ಬೋದು ಒಂದಡಿ ಎತ್ತರ, ಎರಡಡಿಗಿಂತ ಹೆಚ್ಚು ಅಗಲ. ಗಡಿಗೆಯ ಎರಡರಷ್ಟು ಅಗಲದ ಗುಂಡಿ ತೆಗೆದು, ಅರ್ಧ ಮಸಾರಿ (ಕೆಂಪು) ಮಣ್ಣು, ಅರ್ಧ ಕಳಿತ ತಿಪ್ಪೆಗೊಬ್ಬರ ಕಲಸಿ ಸುತ್ತ ತುಂಬಿದೆ. ಗಡಿಗೆಯ ಮೈಗೆ ಮಣ್ಣು ಒತ್ತಿ ಕೂರಬೇಕು, ಸಂದಿ ಉಳಿದರೆ ನೀರು ಮಣ್ಣಿಗೆ ದಾಟುವುದಿಲ್ಲ. ಕೊರಳು ಎರಡು ಬೆರಳು ಮೇಲಿರಲಿ, ಬಾಯಿಗೆ ಕಡಪಾ ಕಲ್ಲಿನ ತುಂಡು ಮುಚ್ಚಿ. ಮುಚ್ಚದೆ ಬಿಟ್ಟರೆ ಅದರಲ್ಲೇ ಸೊಳ್ಳೆ ಮರಿ ಮಾಡುತ್ತವೆ, ಡೆಂಗಿ ಕಾಲದಲ್ಲಿ ಇದನ್ನು ಮರೆಯಲೇಬಾರದು. ಮಸಾರಿ ಮಣ್ಣಿನ ಟ್ರ್ಯಾಕ್ಟರ್ ಬಾಡಿಗೆ ಸೇರಿ ಸಾವಿರದೆಂಟುನೂರು ಆಯಿತು. ಅಲ್ಲಿಂದೀಚೆ ವರ್ಷಕ್ಕೆ ಎರಡು ಮೂರು ಒಡೆದರೆ ಹೆಚ್ಚು.

ಮಳೆಗಾಲದಲ್ಲಿ ಈ ಬೋದೇ ಕಾಪಾಡುತ್ತದೆ. ನೀರು ಸಾಲಿನಲ್ಲಿ ಹರಿದು ಹೋಗುತ್ತದೆ, ಬೇರು ಕೊಳೆಯಲ್ಲ. ಮೃಗಶಿರಾ ಮಳೆಗೆ ಹೀರೆ, ಸೌತೆ, ಬೆಂಡೆ, ಚವಳಿಕಾಯಿ, ಅಂಚಿಗೆ ಪುಂಡಿಪಲ್ಯ. ಬೆಂಡೆಗೆ ಹಳದಿ ರೋಗದ ಕಾಟ ಇದ್ದವರು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಹಾಕಿ ನೋಡಿ, ನನಗೆ ಒಗ್ಗಿದೆ. ಆಗ ಗಡಿಗೆಗೆ ನೀರು ತುಂಬುವ ಕೆಲಸವೇ ಹೆಚ್ಚಿಲ್ಲ.

ಹಿಂಗಾರು ನನ್ನ ಇಷ್ಟದ ಕಾಲ. ಹಸ್ತಾ ಮಳೆ ಮುಗಿಯುತ್ತಿದ್ದಂತೆ ಟೊಮೆಟೊ, ಮುಳಗಾಯಿ ಸಸಿ ಗಡಿಗೆಗೆ ನಾಲ್ಕರಂತೆ, ನಡುವೆ ಮೆಂತ್ಯ, ಕೊತ್ತಂಬರಿ, ಮೂಲಂಗಿ. ಗಡಿಗೆ ಖಾಲಿಯಾಗೋಕೆ ವಾರ ಬೇಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಎಣ್ಣೆಗಾಯಿಗೆ ನಾವೀಗ ಪ್ಯಾಟಿಯಿಂದ ಮುಳಗಾಯಿ ತರುವುದಿಲ್ಲ. ಓಣಿಯಲ್ಲಿ ಮೂರು ನಾಲ್ಕು ಮನೆಗೂ ನಮ್ಮವೇ.

ಬೇಸಿಗೆಯಲ್ಲಿ ಟೊಮೆಟೊ ಆಸೆ ಬಿಡಿ, ಬಿಸಿಲಿಗೆ ಹೂವೇ ಉದುರುತ್ತದೆ. ಚವಳಿಕಾಯಿ, ಹಾಗಲ, ಬಸಳೆ, ರಾಜಗಿರಿ ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ಗಡಿಗೆ ತುಂಬಬೇಕು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ನೇರ ಗಿಡದ ಬುಡಕ್ಕೆ, ಗಡಿಗೆಗೆ ಅದನ್ನು ಹಾಕಿದರೆ ನಾರುತ್ತದೆ. ಬೋದಿನ ಮೇಲೆ ಶೇಂಗಾ ಸಿಪ್ಪೆ ನಾಲ್ಕು ಬೆರಳು ಹರವುತ್ತೇನೆ. ಮೊದಲ ಸಲ ಗೆದ್ದಲು ಹತ್ತಿತು. ಈಗ ಬೇವಿನ ಸೊಪ್ಪು ಹಾಸಿ ಅದರ ಮೇಲೆ ಸಿಪ್ಪೆ. ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ.

ಕಳೆದ ವರ್ಷ ಒಡೆದ ಗಡಿಗೆಯೊಂದನ್ನು ಕೀಳುವಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಹಾಗಲದ ಬಿಳಿ ಬೇರು ಗಡಿಗೆಯ ಮೈಗೆ ಬಲೆಯ ಹಾಗೆ ಒತ್ತಿಕೊಂಡಿತ್ತು, ಉಗುರಲ್ಲಿ ಬಿಡಿಸಿದರೂ ಬಿಡಲಿಲ್ಲ. ಒಂದು ಗೇಣು ಆಚೆ ಮಣ್ಣು ಒಣಗಿತ್ತು, ಅಲ್ಲಿ ಕಳೆಯೂ ಇರಲಿಲ್ಲ. ನೀರು ಎಲ್ಲಿ ಬೇಕೋ ಅಲ್ಲಿ ಮಾತ್ರ ಸಿಗುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸವಳು ನೀರಿಗೆ ಗಡಿಗೆಯ ಮೈಯೂ ನಿಧಾನಕ್ಕೆ ಕಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಕಿತ್ತು, ತಿಕ್ಕಿ, ಬಿಸಿಲಿಗಿಟ್ಟು ಮತ್ತೆ ಹೂಳುತ್ತೇನೆ. ಸಾಧ್ಯವಾದಷ್ಟೂ ಮಳೆನೀರನ್ನೇ ಬಳಸಿ.

ಈಗ ವರ್ಷದ ಖರ್ಚು ಸಾವಿರದೈನೂರು ದಾಟಲ್ಲ. ಮೊದಲು ವಾರಕ್ಕೆ ಇನ್ನೂರೈವತ್ತರ ಕಾಯಿಪಲ್ಯ ತರುತ್ತಿದ್ದೆವು. ಈಗ ಉಳ್ಳಾಗಡ್ಡಿ, ಆಲೂಗಡ್ಡೆಗಷ್ಟೇ ಸಂತೆ.

ಗಜ್ಜರಿ ಮಾತ್ರ ಎರೆಮಣ್ಣಲ್ಲಿ ಕವಲೊಡೆದು ಡೊಂಕಾಗುತ್ತದೆ. ಸಿಮೆಂಟ್ ಚೀಲದಲ್ಲಿ ಮಸಾರಿ ಮಣ್ಣು ತುಂಬಿ ಹಾಕಿದ್ದು ನೆಟ್ಟಗೆ ಬಂದಿದೆ. ಹಕ್ಕರಕಿಯನ್ನು ಸಾಲಿನಲ್ಲಿ ತಾನಾಗಿ ಹುಟ್ಟೋಕೆ ಬಿಟ್ಟಿದ್ದೇನೆ, ರೊಟ್ಟಿ ಜೊತೆ ಹಸಿ ತಿನ್ನಲು ಅದಕ್ಕಿಂತ ರುಚಿ ಯಾವುದಿದೆ? ಗಡಿಗೆಯ ನೀರಿಗೇ ಗಂಜಲ ಬೆರೆಸಿ ನೋಡಿದೆ, ಹದಿನೈದು ದಿನದಲ್ಲಿ ಜಿನುಗುವುದು ನಿಂತಿತು. ಯಾರೂ ಮಾಡಬೇಡಿ.

ಹಿಂಗಾರಿಗೆ ಇನ್ನೆರಡು ಬೋದು ಹೆಚ್ಚಿಸುತ್ತಿದ್ದೇನೆ. ನೀವೂ ಮಾಡುವುದಾದರೆ ಗಡಿಗೆಗೆ ಈಗಲೇ ಹೇಳಿಡಿ. ದೀಪಾವಳಿ ಹತ್ತಿರ ಬಂದರೆ ಕುಂಬಾರರು ಪಣತಿ ಕೆಲಸಕ್ಕೆ ಕೂರುತ್ತಾರೆ, ಆಮೇಲೆ ಕೇಳಿದರೆ ಸಿಗುವುದಿಲ್ಲ.