ಜಪಾನಿನ ಆರ್ಚ್‌ಟಾಪ್ ಗಿಟಾರ್: ಹೆಸರು ನೋಡಿ ಅಲ್ಲ, ಕಾರ್ಖಾನೆ ನೋಡಿ ಕೊಳ್ಳಿ

ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ, ನಡುವೆ ದುಂಡು ರಂಧ್ರದ ಬದಲು ಎರಡೂ ಬದಿಗೆ ಎಫ್ ಆಕಾರದ ಸೀಳು, ಒಳಗೆ ಟೊಳ್ಳು. ಜಾಝ್ ನುಡಿಸುವವರ ಕೈಯಲ್ಲಿ ನಾವು ನೋಡುವ ಈ ದಪ್ಪ ಗಿಟಾರಿಗೆ ಆರ್ಚ್‌ಟಾಪ್ ಎನ್ನುತ್ತಾರೆ. ಅಮೆರಿಕದ ಗಿಬ್ಸನ್ ಕಂಪನಿ 1920ರ ದಶಕದಲ್ಲಿ ಎಲ್-5 ಮಾದರಿಯ ಮೂಲಕ ಇದಕ್ಕೊಂದು ನೆಲೆಯಾದ ರೂಪ ಕೊಟ್ಟಿತು. 1949ರಲ್ಲಿ ಅದೇ ಕಂಪನಿಯಿಂದ ಬಂದ ಇಎಸ್-175 ಜೋ ಪಾಸ್, ಜಿಮ್ ಹಾಲ್ ಅಂಥವರ ಕೈಗೆ ಸಿಕ್ಕು, ಜಾಝ್ ಗಿಟಾರ್ ಎಂದರೆ ಹೀಗೇ ಕೇಳಿಸಬೇಕು ಎನ್ನುವಷ್ಟು ಹೆಸರು ಮಾಡಿತು. ಹಳೆಯ ಗಿಬ್ಸನ್ ಇವತ್ತು ಸಂಬಳದವರ ಕೈಗೆ ಎಟಕುವುದಿಲ್ಲ. ಆದರೆ ಅದೇ ಅಳತೆಯ, ಎಷ್ಟೋ ಸಲ ಅದಕ್ಕಿಂತ ಅಚ್ಚುಕಟ್ಟಾಗಿ ಕಟ್ಟಿದ ಗಿಟಾರುಗಳು ಅರ್ಧಕ್ಕೂ ಕಡಿಮೆ ಬೆಲೆಗೆ ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಆರಿಸಿ ತರಿಸಿಕೊಳ್ಳುವುದು ಹೇಗೆ ಎಂದು ಇಲ್ಲಿ ಹಂತಹಂತವಾಗಿ ನೋಡೋಣ.

ಮೊದಲು: ಯಾವ ಬಗೆಯದು ಬೇಕು?

ಆರ್ಚ್‌ಟಾಪ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಇಡೀ ಸ್ಪ್ರೂಸ್ ಹಲಗೆಯನ್ನು ಕೆತ್ತಿ ಉಬ್ಬು ತೆಗೆದಿರುತ್ತಾರೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಮೇಲ್ಹಲಗೆಗೆ ತಾಗದೆ ತೇಲುವಂತೆ ಕೂತಿರುತ್ತದೆ. ಆಂಪ್ಲಿಫೈಯರ್ ಇಲ್ಲದೆಯೂ ದನಿ ತುಂಬಿ ಬರುತ್ತದೆ. ಇನ್ನೊಂದರಲ್ಲಿ ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿದ ಮೇಲ್ಹಲಗೆ ಇರುತ್ತದೆ, ಅಂದರೆ ಪ್ಲೈವುಡ್. ಪಿಕಪ್ ಕೂರಿಸಲು ಅದನ್ನೇ ಕೊರೆದಿರುತ್ತಾರೆ. ಇಎಸ್-175 ಈ ಎರಡನೆಯ ಜಾತಿಯದು.

ಪ್ಲೈವುಡ್ ಎಂದ ಕೂಡಲೇ ಮೂಗು ಮುರಿಯಬೇಡಿ. ಬ್ಯಾಂಡಿನ ಜೊತೆ ಜೋರಾಗಿ ನುಡಿಸುವಾಗ ಕೆತ್ತಿದ ಹಲಗೆ ಬೇಗ ಫೀಡ್‌ಬ್ಯಾಕ್ ಕೊಟ್ಟು ಕೂಗುತ್ತದೆ, ಪ್ಲೈವುಡ್ ಅಷ್ಟು ಬೇಗ ಕೂಗುವುದಿಲ್ಲ. ನಮ್ಮ ಹವೆಗೂ ಅದೇ ಒಗ್ಗುತ್ತದೆ. ಗಿಟಾರಿಗೆ ಹಿತವೆನಿಸುವ ತೇವಾಂಶ ಶೇ 45ರಿಂದ 55. ಮಳೆಗಾಲದ ಮಂಗಳೂರಿನಲ್ಲಿ ಅದು ಶೇ 80 ದಾಟುತ್ತದೆ, ಬೇಸಿಗೆಯ ಕಲಬುರಗಿಯಲ್ಲಿ ಹಲಗೆ ಒಣಗಿ ಬಿರುಕು ಬಿಡುವಷ್ಟು ಇಳಿಯುತ್ತದೆ. ಕೆತ್ತಿದ ಸ್ಪ್ರೂಸ್ ಈ ಏರಿಳಿತಕ್ಕೆ ಉಬ್ಬಿ ಕುಗ್ಗುತ್ತಲೇ ಇರುತ್ತದೆ. ಮೊದಲ ಆರ್ಚ್‌ಟಾಪ್ ಕೊಳ್ಳುವವರು ಪ್ಲೈವುಡ್‌ನದನ್ನೇ ಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾರ್ಖಾನೆಗಳ ಪರಿಚಯ ಮಾಡಿಕೊಳ್ಳಿ

ಇಡೀ ವ್ಯಾಪಾರದ ಗುಟ್ಟು ಇರುವುದು ಇಲ್ಲಿ. ಜಪಾನಿನಲ್ಲಿ ಗಿಟಾರಿನ ತಲೆಯ ಮೇಲಿರುವ ಹೆಸರು ಒಬ್ಬರದು, ಕಟ್ಟಿದ ಕೈ ಇನ್ನೊಬ್ಬರದು. ನಾಗೋಯಾದ ವ್ಯಾಪಾರಿ ಸಂಸ್ಥೆಗಳು ಹೆಸರು ಕೊಟ್ಟವು. ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ಊರಿನ ಕಾರ್ಖಾನೆಗಳು ಗಿಟಾರ್ ಕಟ್ಟಿಕೊಟ್ಟವು.

ಆ ಊರಿನ ಮಾತ್ಸುಮೊಕು ಮೊದಲು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಕವಚ ಮಾಡುತ್ತಿದ್ದ ಸಂಸ್ಥೆ. ಮರದ ಕೆಲಸದಲ್ಲಿ ಪಳಗಿದ ಆ ಕೈಗಳೇ ಮುಂದೆ ಆರಿಯಾ ಪ್ರೊ ಟು ಹೆಸರಿನ ಆರ್ಚ್‌ಟಾಪ್‌ಗಳನ್ನು ಕಟ್ಟಿದವು. ಎಪಿಫೋನ್ 1970ರ ಸುಮಾರಿಗೆ ತಯಾರಿಕೆಯನ್ನು ಅಮೆರಿಕದಿಂದ ಜಪಾನಿಗೆ ಸಾಗಿಸಿದಾಗ ಆ ಕೆಲಸವೂ ಇಲ್ಲಿಗೇ ಬಂತು. ಮಾತ್ಸುಮೊಕು 1987ರಲ್ಲಿ ಮುಚ್ಚಿತು. ಹಾಗಾಗಿ ಅವರ ಗಿಟಾರ್ ಬೇಕೆಂದರೆ ಹಳೆಯದೇ ಗತಿ. ಅದೇ ಊರಿನಲ್ಲಿ 1960ರಲ್ಲಿ ಶುರುವಾದ ಫುಜಿಗೆನ್ ಇಂದಿಗೂ ನಡೆಯುತ್ತಿದೆ. ಐಬನೆಜ್ ಮತ್ತು ಗ್ರೆಕೊ ಹೆಸರಿನ ಒಳ್ಳೆಯ ಗಿಟಾರುಗಳಲ್ಲಿ ಬಹುಪಾಲು ಇಲ್ಲಿನವು. ಜಾಝ್ ಗಿಟಾರ್ ವಾದಕ ಜಾರ್ಜ್ ಬೆನ್ಸನ್‌ಗಾಗಿ 1970ರ ದಶಕದ ಕೊನೆಯಲ್ಲಿ ರೂಪಿಸಿದ ಜಿಬಿ10, ಜೋ ಪಾಸ್ ಹೆಸರಿನ ಜೆಪಿ20 ಐಬನೆಜ್‌ನ ಆ ಕಾಲದ ಒಳ್ಳೆಯ ಕೆಲಸಗಳು.

ಮೂರನೆಯದು ನಾಗೋಯಾ ಕಡೆಯ ಟೆರಾಡಾ. ಈ ಹೆಸರು ಗಿಟಾರಿನ ಮೇಲೆ ಕಾಣುವುದೇ ಅಪರೂಪ, ಆದರೆ ಟೊಳ್ಳು ಗಿಟಾರ್ ಕಟ್ಟುವುದರಲ್ಲಿ ಇವರ ಕೈ ಬಹಳ ನುರಿತದ್ದು. 1989ರಿಂದ ಅಮೆರಿಕದ ಗ್ರೆಚ್ ಕಂಪನಿಗಾಗಿ ಜಪಾನಿನಲ್ಲಿ ತಯಾರಾಗುವ ಟೊಳ್ಳು ಗಿಟಾರುಗಳು ಇವರವು. ನ್ಯೂಯಾರ್ಕಿನ ಹೆಸರಾಂತ ಗಿಟಾರ್ ಕುಶಲಕರ್ಮಿ ಡಿ'ಏಂಜೆಲಿಕೊ ಮಾದರಿಗಳನ್ನು ಜಪಾನಿನ ವೆಸ್ಟಾಕ್ಸ್ ಕಂಪನಿ ಮತ್ತೆ ಮಾಡಿಸಿ ಮಾರಿತು, ಅವೂ ಇವರವೇ. 1988ರಿಂದ ಸುಮಾರು ಹತ್ತು ವರ್ಷ ಗಿಬ್ಸನ್‌ನ ಅನುಮತಿ ಪಡೆದೇ ಜಪಾನಿನಲ್ಲಿ ಮಾರಿದ 'ಆರ್ವಿಲ್' ಸರಣಿಯ ಇಎಸ್-175 ಕೂಡ ಇಲ್ಲಿಯದು. ಇಎಸ್-175ರ ರೂಪವೇ ಬೇಕು, ಗಿಬ್ಸನ್ ಬೆಲೆ ಬೇಡ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಆರ್ವಿಲ್ ಹೆಸರನ್ನೇ.

ಯಮಹಾ ಮಾತ್ರ ಈ ಲೆಕ್ಕದಿಂದ ಹೊರಗೆ, ಅವರದು ಸ್ವಂತ ಕಾರ್ಖಾನೆ. ಎಇ-1200, ಎಇ-2000 ಮಾದರಿಗಳನ್ನು ನೋಡಿ. ಆ ಕಾಲದ ಜಪಾನಿ ಗಿಟಾರುಗಳಲ್ಲಿ ಮಾದರಿ ಸಂಖ್ಯೆಯೇ ಎಷ್ಟೋ ಸಲ ಬೆಲೆಯನ್ನೂ ಹೇಳುತ್ತಿತ್ತು: 1200 ಎಂದರೆ 1,20,000 ಯೆನ್, 2000 ಎಂದರೆ 2,00,000 ಯೆನ್. ಹೊಸದಿದ್ದಾಗ ಅದು ಯಾವ ದರ್ಜೆಯ ವಾದ್ಯ ಎಂದು ತಿಳಿಯಲು ಇಂದಿಗೂ ಇದು ಸುಲಭದ ದಾರಿ.

ಎರಡು ಎಚ್ಚರಿಕೆ. ಐಬನೆಜ್ ಎಂದಿದ್ದ ಮಾತ್ರಕ್ಕೆ ಜಪಾನಿನದಲ್ಲ. 2002ರಿಂದ ಬರುತ್ತಿರುವ ಆರ್ಟ್‌ಕೋರ್ ಸರಣಿ ಮುಖ್ಯವಾಗಿ ಚೀನಾದ ತಯಾರಿ, ಜಿಬಿ10ರ ಅಗ್ಗದ ರೂಪಗಳೂ ಅಲ್ಲಿಯವೇ. ಅವು ಕೆಟ್ಟವಲ್ಲ, ಆದರೆ ಜಪಾನಿನ ಬೆಲೆ ಕೊಡಬೇಡಿ. ಎರಡನೆಯದು, 'ಲಾಸೂಟ್ ಗಿಟಾರ್', ಅಂದರೆ ದಾವೆಯ ಗಿಟಾರ್, ಎಂಬ ಹಣೆಪಟ್ಟಿ. 1977ರಲ್ಲಿ ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್, ಐಬನೆಜ್‌ನ ಅಮೆರಿಕದ ವಿತರಕ ಎಲ್ಗರ್ ಮೇಲೆ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿದ್ದು ನಿಜ. ಆದರೆ ತಕರಾರು ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ, ದನಿಯ ಬಗ್ಗೆ ಅಲ್ಲ. ಇವತ್ತು ಮಾರುವವರು 70ರ ದಶಕದ ಯಾವುದೇ ಜಪಾನಿ ಗಿಟಾರಿಗೂ ಈ ಮಾತು ಅಂಟಿಸಿ ಬೆಲೆ ಏರಿಸುತ್ತಾರೆ. ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಐಬನೆಜ್‌ನ ವಯಸ್ಸು ಕಂಡುಹಿಡಿಯುವುದು ಸುಲಭ. 1975ರಿಂದ 80ರ ದಶಕದ ನಡುವಿನವರೆಗೆ ಗಿಟಾರಿನ ಕ್ರಮಸಂಖ್ಯೆಯ ಮೊದಲ ಅಕ್ಷರ ತಿಂಗಳು (ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್), ಮುಂದಿನ ಎರಡು ಅಂಕಿ ವರ್ಷ. ಜಿ79 ಎಂದು ಶುರುವಾದರೆ 1979ರ ಜುಲೈ.

ಎಲ್ಲಿ ಹುಡುಕುವುದು?

ಟೋಕಿಯೊಗೆ ಹೋಗುವ ಅವಕಾಶವಿದ್ದರೆ ಒಚನೊಮಿಜು ನಿಲ್ದಾಣದಲ್ಲಿ ಇಳಿದು ಇಳಿಜಾರಿನಲ್ಲಿ ನಡೆದರೆ ಸಾಕು, ರಸ್ತೆಯ ಉದ್ದಕ್ಕೂ ಗಿಟಾರ್ ಅಂಗಡಿಗಳೇ. ಅಲ್ಲಿ ಕೆಲಸದಲ್ಲಿರುವ ಕನ್ನಡಿಗ ನೆಂಟರೋ ಗೆಳೆಯರೋ ಇದ್ದರೆ ಒಂದು ಭಾನುವಾರ ಅವರನ್ನು ಕಳಿಸಿ ನೋಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಇಲ್ಲದಿದ್ದರೆ ಅಲ್ಲಿನ ಅಂಗಡಿಗಳ ದಾಸ್ತಾನು ಒಟ್ಟಿಗೆ ಸಿಗುವ ಜಾಲತಾಣ ಡಿಜಿಮಾರ್ಟ್, ಹಳೆ ಸಾಮಾನಿನ ಹಾರ್ಡ್ ಆಫ್ ಮಳಿಗೆಗಳು, ಯಾಹೂ ಹರಾಜು, ವಾದ್ಯಗಳನ್ನು ಮಾರುವ ಜಾಲತಾಣ ರಿವರ್ಬ್ ಇವೆ. ಹೊರದೇಶಕ್ಕೆ ನೇರವಾಗಿ ಕಳಿಸದವರಿಂದ ಕೊಳ್ಳಲು ಬಯ್ಯೀ, ಜೆನ್‌ಮಾರ್ಕೆಟ್ ಥರದ ಮಧ್ಯವರ್ತಿ ಸೇವೆಗಳಿವೆ. ಅವರ ಕಮಿಷನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 'ಜಂಕು' ಎಂದು ಬರೆದಿದ್ದರೆ ಪರೀಕ್ಷೆ ಮಾಡಿಲ್ಲ, ವಾಪಸ್ ಇಲ್ಲ ಎಂದರ್ಥ. ದೂರದಿಂದ ಕೊಳ್ಳುವವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಜಪಾನಿನ ಒಳ್ಳೆಯ ಅಂಗಡಿಗಳ ವಿವರಣೆ ಓದುವುದೇ ಒಂದು ಖುಷಿ, ಅಷ್ಟು ಪ್ರಾಮಾಣಿಕವಾಗಿರುತ್ತದೆ. ಬೆರಳೊತ್ತುವ ಹಲಗೆಯ ಮೇಲಿನ ಲೋಹದ ಪಟ್ಟಿ, ಅಂದರೆ ಫ್ರೆಟ್, ಸವೆಯದೆ ಎಷ್ಟು ಉಳಿದಿದೆ ಎಂಬುದನ್ನು ಹತ್ತರ ಲೆಕ್ಕದಲ್ಲಿ ಹೇಳುತ್ತಾರೆ, 'ಏಳು ಭಾಗ ಉಳಿದಿದೆ' ಎಂದು. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಎಷ್ಟು ಮಿಲಿಮೀಟರ್, ಗಿಟಾರಿನ ಕತ್ತಿನ (ನೆಕ್) ಒಳಗಿದ್ದು ಅದರ ಬಾಗು ತಿದ್ದುವ ಸರಳು, ಅಂದರೆ ಟ್ರಸ್ ರಾಡ್, ಇನ್ನೂ ತಿರುಗುತ್ತದೆಯೇ ಎಂಬುದನ್ನೂ ಬರೆದಿರುತ್ತಾರೆ. ಯಂತ್ರಾನುವಾದ ಎಡವುವ ಮೂರು ಮಾತು ನೆನಪಿಡಿ. 'ಜುನ್‌ಜೋರಿ' ಎಂದರೆ ನೆಕ್ ಮುಂದಕ್ಕೆ ಬಾಗಿದೆ, 'ಗ್ಯಾಕುಜೋರಿ' ಎಂದರೆ ಹಿಂದಕ್ಕೆ. ಈ ಎರಡನ್ನೂ ಸಾಮಾನ್ಯವಾಗಿ ಟ್ರಸ್ ರಾಡ್‌ನಿಂದ ಸರಿಮಾಡಬಹುದು. 'ಮೊತೊಒಕಿ' ಎಂದರೆ ನೆಕ್ ಬುಡದಲ್ಲೇ ಮೇಲೆದ್ದಿದೆ ಎಂದು. ಅದಿದ್ದರೆ ಆ ಗಿಟಾರನ್ನು ಬಿಟ್ಟುಬಿಡಿ.

ಪರೀಕ್ಷೆ: ಬ್ರಿಜ್‌ನಿಂದ ಶುರು ಮಾಡಿ

ಆರ್ಚ್‌ಟಾಪ್‌ನ ಆರೋಗ್ಯ ತಿಳಿಯಲು ಒಂದೇ ಒಂದು ಫೋಟೊ ಕೇಳಬಹುದು ಎಂದರೆ ನಾನು ತಂತಿಗಳನ್ನು ಮೇಲ್ಹಲಗೆಯಿಂದ ಎತ್ತಿ ಹಿಡಿಯುವ ಬ್ರಿಜ್‌ನ ಪಕ್ಕದ ನೋಟ ಕೇಳುತ್ತೇನೆ. ಮರದ ಬ್ರಿಜ್ ಎರಡು ತುಂಡಾಗಿರುತ್ತದೆ. ನಡುವೆ ಎರಡು ಸ್ಕ್ರೂ ಕಂಬ, ಅವುಗಳ ಮೇಲೆ ಬೆರಳಲ್ಲಿ ತಿರುಗಿಸುವ ಪುಟ್ಟ ಚಕ್ರ. ಚಕ್ರ ಪೂರ್ತಿ ಕೆಳಗಿಳಿದು ಮೇಲಿನ ತುಂಡು ಬುಡಕ್ಕೆ ತಾಗಿದೆ, ಆದರೂ ತಂತಿ ಎತ್ತರದಲ್ಲೇ ಇದೆ ಎಂದರೆ ನೆಕ್‌ನ ಕೋನ ಕೆಟ್ಟಿದೆ. ಅದನ್ನು ಬಿಚ್ಚಿ ಮತ್ತೆ ಕೂರಿಸಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಕೂರಿಸುವ ಖರ್ಚೂ ಕೊಂಡ ಲಾಭವನ್ನು ನುಂಗಿಹಾಕುತ್ತದೆ. ಚಕ್ರದ ಕೆಳಗೂ ಮೇಲೂ ಒಂದಿಷ್ಟು ಸ್ಕ್ರೂ ಕಾಣುತ್ತಿದ್ದು, ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ ಎರಡು ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಗಿಟಾರ್ ಕೈಗೆ ಸಿಕ್ಕಿದ್ದರೆ ಉದ್ದದ ನೇರ ಪಟ್ಟಿಯನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಜ್‌ವರೆಗೆ ಚಾಚಿ. ಪಟ್ಟಿಯ ತುದಿ ಬ್ರಿಜ್‌ನ ನೆತ್ತಿಯ ಹತ್ತಿರ ಬರಬೇಕು.

ಆಮೇಲೆ ನೋಡಬೇಕಾದದ್ದು ಪ್ಲಾಸ್ಟಿಕ್. ಅಂಚಿನ ಬೈಂಡಿಂಗ್ ಹಳದಿಯಾಗಿದ್ದರೆ ಚಿಂತೆಯಿಲ್ಲ, ವಯಸ್ಸಿಗೆ ತಕ್ಕ ಬಣ್ಣ. ಆದರೆ ಹಳೆಯ ಸೆಲ್ಯುಲಾಯ್ಡ್ ಕೊಳೆಯಲು ತೊಡಗಿದರೆ ಜಿಗುಟಾಗಿ, ಬಿರಿದು, ಪುಡಿಯಾಗುತ್ತದೆ. ಅದರಿಂದ ಹೊರಡುವ ಆಮ್ಲದ ಆವಿ ಸುತ್ತಲಿನ ಲೋಹವನ್ನೂ ತಿನ್ನುತ್ತದೆ. ಮೇಲ್ಹಲಗೆಗೆ ಗೀರು ಬೀಳದಂತೆ ಕಾಯುವ ಪಿಕ್‌ಗಾರ್ಡ್ ಪಕ್ಕದ ಪಿಕಪ್ ಕವಚ, ಸ್ಕ್ರೂಗಳು ಮಾತ್ರ ಹಸಿರುಗಟ್ಟಿ ಉಳಿದ ಲೋಹ ಚೆನ್ನಾಗಿದ್ದರೆ ಕಾರಣ ಇದೇ. ಪಿಕ್‌ಗಾರ್ಡ್ ಬದಲಿಸುವುದು ಸುಲಭ, ಬೈಂಡಿಂಗ್ ಬದಲಿಸುವುದು ದೊಡ್ಡ ಕೆಲಸ. ಚಿನ್ನದ ಲೇಪ ಸವೆದಿರುವುದು ಬರೀ ನೋಟದ ದೋಷ. ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಿ.

ಎಫ್ ಸೀಳಿನ ತುದಿಗಳಲ್ಲಿ, ಜ್ಯಾಕ್ ಸಿಕ್ಕಿಸುವ ರಂಧ್ರದ ಸುತ್ತ ಪ್ಲೈ ಬಿಟ್ಟಿದೆಯೇ ನೋಡಿ. ಸೀಳಿನ ಒಳಗೆ ಟಾರ್ಚ್ ಬಿಟ್ಟರೆ ಲೇಬಲ್ ಜೊತೆಗೆ ಮೇಲ್ಹಲಗೆಯ ಅಡಿಯ ಆಧಾರಪಟ್ಟಿಗಳೂ ಕಾಣುತ್ತವೆ. ಮೇಲ್ಹಲಗೆಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಗಿರಗಿರ ಸದ್ದು ಬಂದರೆ ಪಟ್ಟಿಯ ಅಂಟು ಬಿಟ್ಟಿರಬಹುದು.

ಬೆಲೆಯ ಪೂರ್ತಿ ಲೆಕ್ಕ

ಗಿಟಾರಿನ ಬೆಲೆ ನೋಡಿ ಸಂತೋಷಪಟ್ಟವರು ಸಾಗಣೆಯ ಬಿಲ್ಲು ನೋಡಿ ಬೆಚ್ಚುತ್ತಾರೆ. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 120, 50, 25 ಅಳತೆಯ ಡಬ್ಬಿ 30 ಕಿಲೋ ಆಗುತ್ತದೆ, ಒಳಗಿರುವ ಗಿಟಾರ್ ಮೂರು ಕಿಲೋ ಇದ್ದರೂ. ಮಾರುವವರಿಗೆ ಡಬ್ಬಿಯ ಅಳತೆ ಮೊದಲೇ ಕೇಳಿ.

ಇಲ್ಲಿಗೆ ಬಂದಾಗ ಕಸ್ಟಮ್ಸ್‌ನವರು ಸುಂಕ ಹಾಕುವುದು ಗಿಟಾರಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ಸುಂಕದ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲದರ ಮೇಲೆ ಐಜಿಎಸ್‌ಟಿ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಕೊಳ್ಳುವ ವಾರದಲ್ಲೇ ಕೊರಿಯರ್‌ನವರಿಂದ ಅಂದಾಜು ಬರೆಸಿಕೊಳ್ಳಿ. ಬೆಲೆ ಕಡಿಮೆ ನಮೂದಿಸಿ ಕಳಿಸಿ ಎಂದು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ದಾರಿಯಲ್ಲಿ ಗಿಟಾರ್ ಮುರಿದರೆ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಮರದ ವಿಷಯದಲ್ಲೂ ಒಂದು ನಿಯಮವಿದೆ. ಈ ಗಿಟಾರುಗಳ ಫಿಂಗರ್‌ಬೋರ್ಡ್‌ಗೆ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ಬೀಟೆಯ ಜಾತಿಯ ಮರಗಳೆಲ್ಲ 2017ರಲ್ಲಿ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು. 2019ರ ನವೆಂಬರ್‌ನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್‌ನ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಬ್ರೆಜಿಲ್ ರೋಸ್‌ವುಡ್ ಎಂದು ವಿವರಣೆಯಲ್ಲಿ ಬರೆದಿರುವ ಗಿಟಾರನ್ನು ಪರವಾನಗಿ ಇಲ್ಲದೆ ತರಿಸಬೇಡಿ.

ಕಳಿಸುವಾಗ, ಬಂದ ಮೇಲೆ

ಹಾರ್ಡ್ ಕೇಸ್ ಇಲ್ಲದೆ ಬೇಡ. ತಂತಿ ಸಡಿಲಿಸಿ, ಗಿಟಾರಿನ ತಲೆಯ ಅಡಿಗೂ ಎರಡು ಪಕ್ಕಕ್ಕೂ ಮೆತ್ತೆ ತುಂಬಿ, ಬ್ರಿಜ್ ಮತ್ತು ತಂತಿಗಳ ಬುಡ ಸಿಕ್ಕಿಸುವ ಟೇಲ್‌ಪೀಸ್ ಅಡಿಗೆ ಬಟ್ಟೆ ಇಡಲು ಬರೆದು ತಿಳಿಸಿ. ಡಬ್ಬಿ ಮನೆಗೆ ಬಂದ ಕೂಡಲೇ ಕೇಸ್ ತೆರೆಯದೆ ಒಂದು ದಿನ ಹಾಗೇ ಬಿಡಿ. ವಿಮಾನದ ಸರಕು ಕೋಣೆಯ ಚಳಿಯಿಂದ ಬಂದ ಮರಕ್ಕೂ ಬಣ್ಣಕ್ಕೂ ಇಲ್ಲಿನ ಹವೆ ಒಗ್ಗಲಿ.

ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಬ್ರಿಜ್ ಅಂಟಿಸಿದ್ದಲ್ಲ, ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ಒಂದೊಂದಾಗಿ ಬದಲಿಸಿ. ಬ್ರಿಜ್ ಈಗಾಗಲೇ ಜರುಗಿದ್ದರೆ ನಟ್‌ನಿಂದ (ಗಿಟಾರಿನ ತಲೆಯ ಬಳಿ ತಂತಿಗಳು ಹಾಯುವ ಪಟ್ಟಿ) ಹನ್ನೆರಡನೇ ಫ್ರೆಟ್‌ವರೆಗೆ ಅಳೆದು, ಅಷ್ಟೇ ದೂರ ಮುಂದಕ್ಕೆ ಬ್ರಿಜ್ ಇಡಿ. ಇಎಸ್-175ರ ಅಳತೆಯ ಗಿಟಾರಿನಲ್ಲಿ ಅದು ಸುಮಾರು 314 ಮಿಲಿಮೀಟರ್. ಮಂದ್ರ ತಂತಿಯ ಬದಿಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ, ಟ್ಯೂನರ್ ಹಿಡಿದು ಹನ್ನೆರಡನೇ ಫ್ರೆಟ್‌ನ ಸ್ವರವೂ ಅಲ್ಲಿನ ಹಾರ್ಮೋನಿಕ್ಕೂ ಒಂದಾಗುವವರೆಗೆ ಹೊಂದಿಸಿ. ಆ ದುಂಡನೆಯ ದನಿಗೆ 12ರಿಂದ 52ರ ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸುತ್ತಿನ, ತಂತಿ ಹಾಕಿ, ಮೂರನೇ ತಂತಿಯೂ ಸುತ್ತಿದ್ದೇ ಇರಲಿ. ಸಾಂಪ್ರದಾಯಿಕ ಮರದ ಬ್ರಿಜ್‌ನ ಮೆಟ್ಟಿಲುಗಳನ್ನು ಸುತ್ತಿದ ಮೂರನೇ ತಂತಿಗೆಂದೇ ಕೆತ್ತಿರುತ್ತಾರೆ. ಅಲ್ಲಿ ಬರಿಯ ತಂತಿ ಹಾಕಿದರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಏರುತ್ತದೆ, ಎಷ್ಟು ಶ್ರುತಿ ಮಾಡಿದರೂ ಕಾರ್ಡ್ ಕೂಡುವುದಿಲ್ಲ.