ಕಾಫಿ ಗೋದಾಮಿನಲ್ಲಿ ಮುದ್ರಿಸಿದ ಎರಡನೆಯ ಆಲ್ಬಮ್

ಉದ್ದನೆಯ, ಜಟಿಲ ತಾಳದ ರಚನೆಗಳ ರಾಕ್ ಸಂಗೀತ, ಅಂದರೆ ಪ್ರೋಗ್ರೆಸಿವ್ ರಾಕ್, ನುಡಿಸುವ ನಮ್ಮ ತಂಡದ ಮೊದಲ ಆಲ್ಬಮ್ಮಿನ ಹಾಡುಗಳು ಐದು ವರ್ಷ ವೇದಿಕೆಯಲ್ಲಿ ನುಡಿಸಿ ನುಡಿಸಿ ಹದಕ್ಕೆ ಬಂದಂಥವು. ಎರಡನೆಯದಕ್ಕೆ ಕುಳಿತಾಗ ನಮ್ಮ ಬಳಿ ಇದ್ದದ್ದು ಮೊಬೈಲಿನಲ್ಲಿ ಗುನುಗಿಟ್ಟುಕೊಂಡ ಕೆಲವು ತುಣುಕುಗಳು ಮತ್ತು ಹದಿನೆಂಟು ನಿಮಿಷದ ಒಂದೇ ರಚನೆಯನ್ನು ಮಾಡಲೇಬೇಕೆಂಬ ಹಠ ಮಾತ್ರ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುತ್ತ ಅಂಥದ್ದನ್ನು ಕಟ್ಟಲಾಗುವುದಿಲ್ಲ. ಬ್ರಿಟಿಷ್ ರಾಕ್ ತಂಡ ಜೆನೆಸಿಸ್ 1970ರಲ್ಲಿ ಬಂದ ತನ್ನ ಎರಡನೆಯ ಆಲ್ಬಮ್ 'ಟ್ರೆಸ್‌ಪಾಸ್'ಗೆ ಮುನ್ನ ಇಂಗ್ಲೆಂಡಿನ ಹಳ್ಳಿಗಾಡಿನ ಮನೆಯೊಂದರಲ್ಲಿ ತಿಂಗಳುಗಟ್ಟಲೆ ಒಟ್ಟಿಗಿದ್ದು ಹಾಡುಗಳನ್ನು ರೂಪಿಸಿತ್ತೆಂಬ ಸಂಗತಿ ನಮಗೆ ಧೈರ್ಯ ಕೊಟ್ಟಿತು. ಗಿಟಾರ್ ವಾದಕನ ಚಿಕ್ಕಪ್ಪನವರು ಕೊಡಗಿನ ಸುಂಟಿಕೊಪ್ಪದ ಸಮೀಪದ ತಮ್ಮ ತೋಟದ ಗೋದಾಮನ್ನು ಬಿಟ್ಟುಕೊಡಲು ಒಪ್ಪಿದರು. ಡ್ರಮ್ಸ್ ನುಡಿಸುವ ನಾನೇ ಧ್ವನಿಮುದ್ರಣದ ಹೊಣೆಯನ್ನೂ ಹೊತ್ತುಕೊಂಡೆ.

ಫೆಬ್ರವರಿಯಲ್ಲಿ ನಾವು ಅಲ್ಲಿಗೆ ಹೋದಾಗ ಒಣಗಿಸಿದ ರೊಬಸ್ಟಾ ಚೆರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ತುಂಬಿದ ಗೋಣಿಚೀಲಗಳು ಮೂರು ಗೋಡೆಗಳಿಗೂ ಆತುಕೊಂಡು ಆಳೆತ್ತರಕ್ಕೆ ನಿಂತಿದ್ದವು. ದುಡ್ಡು ಕೊಟ್ಟು ಹಾಕಿಸುವ ಫೋಮ್ ಹಲಗೆಗಳು ಹೆಚ್ಚಾಗಿ ಮೇಲಿನ ಸ್ವರಗಳನ್ನಷ್ಟೇ ಹೀರುತ್ತವೆ. ಇಷ್ಟು ದಪ್ಪನಾದ ಚೀಲದ ಗೋಡೆಯಾದರೋ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಗುಮ್ಮೆನ್ನುವ ನಾದವನ್ನೂ ಸಾಕಷ್ಟು ತಡೆಯಿತು. ಸ್ನೇರ್ ಡ್ರಮ್ಮಿನ ಪೆಟ್ಟು ಹುಟ್ಟಿದಲ್ಲೇ ಆರುತ್ತಿತ್ತು. ಮೊಳಗಿಲ್ಲದ, ಅಷ್ಟು ಶುದ್ಧವಾದ ಒಣ ದನಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ತೊಂದರೆಯೆಂದರೆ ಅದು ಹೂವಿಗಾಗಿ ತೋಟಕ್ಕೆ ನೀರು ಹಾಯಿಸುವ ಕಾಲ. ಸ್ಪ್ರಿಂಕ್ಲರಿನ ಡೀಸೆಲ್ ಎಂಜಿನ್ನು ಹಗಲೆಲ್ಲ ಓಡುತ್ತಿದ್ದುದರಿಂದ ನಾವು ರಾತ್ರಿ ಹತ್ತರ ಮೇಲೆ ಮುದ್ರಿಸಿ ಬೆಳಿಗ್ಗೆ ಮಲಗುತ್ತಿದ್ದೆವು.

ದೀರ್ಘ ರಚನೆಯ ಮೊದಲ ಭಾಗ ಏಳೆಣಿಕೆಯದು, ನಡುವೆ ಐದಕ್ಕೆ ಹೊರಳುತ್ತದೆ. ಒಂದು ಎರಡು ಎಂದು ಎಣಿಸುತ್ತಿದ್ದಾಗ ಹೊರಳುವ ಜಾಗದಲ್ಲಿ ಪ್ರತಿಸಲವೂ ಒಬ್ಬರಲ್ಲ ಒಬ್ಬರು ಎಡವುತ್ತಿದ್ದೆವು. ಕರ್ನಾಟಕ ಸಂಗೀತದ ಏಳೆಣಿಕೆಯ ತಾಳವಾದ ಮಿಶ್ರ ಛಾಪಿನ 'ತಕಿಟ ತಕಧಿಮಿ'ಯನ್ನು ಬಾಯಲ್ಲಿ ಹೇಳಿಕೊಂಡು, ಅಲ್ಲಿಂದ ಐದೆಣಿಕೆಯ ಖಂಡ ಛಾಪಿನ 'ತಕ ತಕಿಟ'ಕ್ಕೆ ಇಳಿಯುವುದನ್ನು ವಾದ್ಯ ಮುಟ್ಟದೆ ಎರಡು ದಿನ ಅಭ್ಯಾಸ ಮಾಡಿದ ಮೇಲೆ ಎಣಿಕೆಯ ಚಿಂತೆಯೇ ಹೋಯಿತು. ವಿಷಮ ತಾಳದಲ್ಲಿ ತಡಕಾಡುವ ತಂಡಗಳಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಮಾರ್ಚಿಯಲ್ಲಿ ಕಾಫಿ ಮಾರಾಟವಾಯಿತು. ಒಂದು ಮಧ್ಯಾಹ್ನ ಲಾರಿಗಳು ಬಂದು ಚೀಲಗಳನ್ನೆಲ್ಲ ಹೇರಿಕೊಂಡು ಹೋದವು. ಅಂದು ರಾತ್ರಿ ಅದೇ ಮೈಕುಗಳನ್ನು ಅದೇ ಜಾಗದಲ್ಲಿಟ್ಟು ನುಡಿಸಿದರೆ ಇಡೀ ಕಟ್ಟಡ ಮೊಳಗಿತು. ಮೊದಲರ್ಧ ಮುಗಿದಿದ್ದ ಹಾಡಿಗೆ ಇನ್ನರ್ಧವನ್ನು ಹೊಂದಿಸುವ ದಾರಿಯೇ ಕಾಣಲಿಲ್ಲ. ಕಂಬಳಿ ಕಟ್ಟಿದೆವು, ಹಾಸಿಗೆ ನಿಲ್ಲಿಸಿದೆವು. ಆ ಒಣಗುಣ ಮರಳಲಿಲ್ಲ. ಚೀಲಗಳು ಹೋಗಲಿವೆಯೆಂದು ತೋಟದ ಮಾಲೀಕರು ಮುಂಚೆಯೇ ಹೇಳಿದ್ದ ಮಾತನ್ನು ಮರೆತವನು ನಾನೇ ಆದ್ದರಿಂದ ಬಹಳ ನೊಂದುಕೊಂಡೆ.

ಹಾಡಿನ ಎರಡನೆಯ ಭಾಗಕ್ಕೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಜನಪದ ಹಾಡು, ದುಡಿಕೊಟ್ಟ್ ಪಾಟ್, ಬೇಕೆಂದು ಮೊದಲೇ ಬಯಸಿದ್ದೆವು. ಪಕ್ಕದೂರಿನ ನಾಲ್ವರು ಹಿರಿಯರು ಕೇಳಿಕೊಂಡಾಗ ಸಂತೋಷದಿಂದ ಬಂದರು. ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಒಂದೇ ವೇಗದಲ್ಲಿ ಬಡಿಯುವ ಮೆಟ್ರೊನೋಮಿನ ಎಣಿಕೆಯನ್ನು ಕೇಳಿಸಿದೆ. ಎರಡು ಸಾಲು ಹಾಡಿ ಅವರಲ್ಲೊಬ್ಬರು ನಿಲ್ಲಿಸಿದರು. "ಮಗಾ, ಹಾಡು ಎಳೆದ ಕಡೆ ದುಡಿಯೂ ಎಳೆಯಬೇಕು. ನಿನ್ನ ಈ ಟಕ್ ಟಕ್ ನಮಗೆ ಕಾಯುವುದಿಲ್ಲವಲ್ಲ," ಎಂದರು. ಹೆಡ್‌ಫೋನ್ ತೆಗೆಸಿ, ನಾಲ್ವರನ್ನೂ ಅವರು ಹಾಡುವ ರೀತಿಯಲ್ಲೇ ಎದುರುಬದುರು ನಿಲ್ಲಿಸಿ, ನಡುವೆ ಎರಡು ಮೈಕು ಇಟ್ಟು ಇಡೀ ಪಾಟನ್ನು ಒಂದೇ ಸಲಕ್ಕೆ ಮುದ್ರಿಸಿದೆವು.

ಆಮೇಲೆ ಕೆಲಸ ತಿರುವುಮುರುವಾಯಿತು. ಅವರ ದುಡಿಯ ಪ್ರತಿಯೊಂದು ಮುಖ್ಯ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಕೈಯಾರೆ ಗುರುತಿಸಿ, ಅದಕ್ಕೆ ತಕ್ಕಂತೆ ವೇಗದ ಏರಿಳಿತದ ನಕ್ಷೆ, ಅಂದರೆ ಟೆಂಪೊ ಮ್ಯಾಪ್, ತಯಾರಿಸಿದೆ. ನಿಮಿಷಕ್ಕೆ 84 ಪೆಟ್ಟುಗಳಲ್ಲಿ ಆರಂಭವಾದ ನಡೆ ಏರುತ್ತ ಏರುತ್ತ 92ಕ್ಕೆ ಮುಟ್ಟಿ, ಸಾಲು ಮುಗಿಯುವಲ್ಲಿ ಮತ್ತೆ ತಗ್ಗುತ್ತಿತ್ತು. ಬೇಸ್ ಮತ್ತು ಕೀಬೋರ್ಡ್ ಆ ನಕ್ಷೆಯನ್ನು ಹಿಂಬಾಲಿಸಿದವು. ನಾನು ಮಾತ್ರ ಅದನ್ನೂ ಬಿಟ್ಟು ಅವರ ದನಿಯನ್ನಷ್ಟೇ ಕೇಳುತ್ತ ಡ್ರಮ್ಸ್ ನುಡಿಸಿದೆ. ಒಂಬತ್ತು ಸಲ ನುಡಿಸಬೇಕಾಯಿತು.

ಖಾಲಿ ಗೋದಾಮಿನ ಮೊಳಗು ದುಡಿಗೆ ಎಷ್ಟು ಒಪ್ಪುತ್ತದೆಂಬುದು ಆಗ ತಿಳಿಯಿತು. ದನಿಗಳನ್ನು ಹೊಂದಿಸುವ ಪ್ರಯತ್ನವನ್ನೇ ಕೈಬಿಟ್ಟು, ಒಣ ದನಿಯ ಏಳೆಣಿಕೆಯ ಭಾಗವನ್ನು ಹನ್ನೊಂದನೆಯ ನಿಮಿಷದವರೆಗೆ ಎಳೆದು ತಂದು, ಅಲ್ಲಿ ಎಲ್ಲ ವಾದ್ಯಗಳನ್ನೂ ನಿಲ್ಲಿಸಿ, ಮೊದಲ ದುಡಿಯ ಪೆಟ್ಟಿನೊಂದಿಗೆ ಕೋಣೆ ತೆರೆದುಕೊಳ್ಳುವಂತೆ ರಚನೆಯನ್ನೇ ಬದಲಿಸಿದೆವು.

ಮಿಶ್ರಣದ ಕೆಲಸ ಜೂನಿನ ಮಳೆಗೆ ಸಿಕ್ಕಿಕೊಂಡಿತು. ಬಿಟ್ಟುಹೋದ ಎರಡು ಸಾಲು ಹಾಡಿಸಲು ಕಂಡೆನ್ಸರ್ ಮೈಕು ತೆರೆದರೆ ತೇವಕ್ಕೆ ಚಿಟಪಟ ಸದ್ದು ಬರುತ್ತಿತ್ತು. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತೆಗೆದೊಡನೆ ಹಾಡಿಸಿ ಮುಗಿಸಿದೆವು. ಮುಗಿದ ರಚನೆಯನ್ನು ಆ ನಾಲ್ವರಿಗೆ ಕೇಳಿಸಲು ಹೋದಾಗ ಮೊದಲ ಹನ್ನೊಂದು ನಿಮಿಷ ಅವರು ಮಾತಿಲ್ಲದೆ ಕುಳಿತಿದ್ದರು. ದುಡಿ ಬಂದೊಡನೆ ಅದೇ ಹಿರಿಯರು ಮೊಣಕಾಲಿನ ಮೇಲೆ ಬೆರಳಾಡಿಸತೊಡಗಿದರು. ನಮ್ಮ ಡ್ರಮ್ಸ್ ಸೇರಿಕೊಂಡ ಮೇಲೂ ಆ ಬೆರಳುಗಳು ನಿಲ್ಲಲಿಲ್ಲ.